ಕಾರು ತಗ್ಗಿಸುವ ಮುನ್ನ: ಕಲಬುರಗಿ ಸೀಮೆಯ ರಸ್ತೆಗೆ ಸ್ಪ್ರಿಂಗ್, ಕಾಯಿಲೋವರ್, ಏರ್ ಸಸ್ಪೆನ್ಷನ್‌ಗಳಲ್ಲಿ ಯಾವುದು?

ಹೊಸ ಕಾರು ಮನೆಗೆ ಬಂದು ತಿಂಗಳೊಪ್ಪತ್ತು ಕಳೆಯುವುದರೊಳಗೆ ಟೈರಿಗೂ ಅದರ ಮೇಲಿನ ಕಮಾನಿಗೂ ನಡುವಿನ ಖಾಲಿ ಜಾಗ ಕಣ್ಣಿಗೆ ಚುಚ್ಚತೊಡಗುತ್ತದೆ. ನಾಲ್ಕು ಬೆರಳು ಸಲೀಸಾಗಿ ತೂರುವ ಆ ಸಂದಿಯನ್ನು ಎರಡು ಬೆರಳಿಗೆ ಇಳಿಸಬೇಕೆಂಬ ಆಸೆಯಲ್ಲಿ ತಪ್ಪೇನಿಲ್ಲ. ತಗ್ಗಿದ ಕಾರು ಚೆಂದ ಕಾಣುತ್ತದೆ, ಅದನ್ನು ಒಪ್ಪಿಕೊಳ್ಳಲು ನಾಚಿಕೆ ಬೇಕಿಲ್ಲ. ಆದರೆ ಅಂಗಡಿಯವರು ಮುಂದಿಡುವ ಹೋಲಿಕೆ ಒಂದೇ ಅಂಕಿಯ ಮೇಲೆ ನಿಂತಿರುತ್ತದೆ: ಈ ಸೆಟ್ 25 ಮಿಲಿಮೀಟರ್ ಇಳಿಸುತ್ತದೆ, ಅದು 40, ಇನ್ನೊಂದು 70. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ದಿನನಿತ್ಯ ಓಡಿಸುವವರು ಕೇಳಬೇಕಾದ ಅಂಕಿ ಬೇರೆಯೇ. ಇಳಿಸಿದ ಮೇಲೆ ಚಕ್ರಕ್ಕೆ ಮೇಲೇಳಲು ಎಷ್ಟು ಜಾಗ ಉಳಿಯುತ್ತದೆ?

ಶಾಕ್ ಅಬ್ಸಾರ್ಬರಿನ ದಂಡ ಒಳಗೆ ಹೋಗುತ್ತ ಹೋಗುತ್ತ ಕೊನೆಗೆ ರಬ್ಬರ್ ಅಥವಾ ಫೋಮಿನ ಒಂದು ತುಂಡಿಗೆ ಬಡಿಯುತ್ತದೆ. ಅದೇ ಬಂಪ್ ಸ್ಟಾಪ್. ನಿಂತ ಕಾರಿನಲ್ಲಿ ಅಲ್ಲಿಯವರೆಗೆ 80 ಮಿಲಿಮೀಟರ್ ದಾರಿ ಇದೆ ಎಂದುಕೊಳ್ಳೋಣ. ಸ್ಪ್ರಿಂಗ್ ಮಾತ್ರ ಬದಲಿಸಿ 30 ಮಿಲಿಮೀಟರ್ ತಗ್ಗಿಸಿದರೆ ಉಳಿಯುವುದು 50. ಸ್ಪ್ರಿಂಗ್ ನುಂಗುವ ಶಕ್ತಿ ಅದು ಕುಗ್ಗಿದ ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ ಮೊದಲು 80ರಲ್ಲಿ ಅರಗಿಸಿಕೊಳ್ಳುತ್ತಿದ್ದ ಗುಂಡಿಯನ್ನು ಈಗ 50ರಲ್ಲಿ ಅರಗಿಸಬೇಕಾದರೆ ಸ್ಪ್ರಿಂಗ್ ಎರಡೂವರೆ ಪಟ್ಟು ಗಟ್ಟಿ ಇರಬೇಕು. ಬೀದಿಗೆಂದು ಮಾರುವ ತಗ್ಗಿಸುವ ಸ್ಪ್ರಿಂಗ್‌ಗಳು ಅಷ್ಟು ಗಟ್ಟಿ ಇರುವುದಿಲ್ಲ. ಇದ್ದರೆ ಯಾರೂ ಒಳಗೆ ಕೂರಲಾರರು. ಹಾಗಾದರೆ ಉಳಿದ ಏಟನ್ನು ಯಾರು ತಿನ್ನುತ್ತಾರೆ? ಬಂಪ್ ಸ್ಟಾಪ್ ಮತ್ತು ನಿಮ್ಮ ಬೆನ್ನು.

ಇದನ್ನು ಹಣ ಕೊಡುವ ಮೊದಲೇ ಪರೀಕ್ಷಿಸಲು ಸುಲಭ ದಾರಿಯಿದೆ. ಶಾಕ್ ಅಬ್ಸಾರ್ಬರಿನ ದಂಡಕ್ಕೆ ಧೂಳು ತಡೆಯುವ ರಬ್ಬರ್ ಚೀಲ ಇದ್ದರೆ ಅದನ್ನು ಮೇಲೆ ಸರಿಸಿ, ದಂಡದ ಬುಡಕ್ಕೆ ತೆಳುವಾದ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಬಿಗಿಯಿರಿ. ನೀವು ದಿನವೂ ಹೋಗುವ ದಾರಿಯಲ್ಲಿ, ದಿನವೂ ಕೂರುವಷ್ಟೇ ಜನರನ್ನು ಕೂರಿಸಿಕೊಂಡು ಒಂದು ವಾರ ಓಡಿಸಿ. ಟೈ ಎಲ್ಲಿಯವರೆಗೆ ಸರಿದಿದೆಯೋ ಅಲ್ಲಿಯವರೆಗೆ ದಂಡ ಒಳಗೆ ಹೋಗಿದೆ ಎಂದರ್ಥ. ಕಂಪನಿಯ ಎತ್ತರದಲ್ಲಿಯೇ ಅದು ಬಂಪ್ ಸ್ಟಾಪ್ ಮುಟ್ಟುತ್ತಿದ್ದರೆ ಬರಿ ಸ್ಪ್ರಿಂಗ್ ಬದಲಿಸುವ ಮಾತನ್ನು ಅಲ್ಲಿಗೇ ಬಿಡಬಹುದು. ಅರ್ಧ ದಾರಿಯಲ್ಲೇ ನಿಂತಿದ್ದರೆ ನಿಮ್ಮ ಕೈಯಲ್ಲಿ ಆಯ್ಕೆಗಳಿವೆ. ಜಾಹೀರಾತಿನ ಯಾವ ಪುಟವೂ ಇಷ್ಟು ನಿಜ ಹೇಳುವುದಿಲ್ಲ.

ಉಬ್ಬುಗಳ ಲೆಕ್ಕ

ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಅಂತರದ ವಿಷಯದಲ್ಲಿ ನಮ್ಮವರು ಒಂದು ಅಂಕಿಯನ್ನು ಬಾಯಿಪಾಠ ಮಾಡಿರುತ್ತಾರೆ. ಫೋಕ್ಸ್‌ವ್ಯಾಗನ್ ವರ್ಟಸ್‌ನದು 179 ಮಿಲಿಮೀಟರ್. ಅದು ಖಾಲಿ ಕಾರಿನ ಅಳತೆ. ಪೂರ್ತಿ ಜನ, ಸಾಮಾನು ತುಂಬಿದಾಗ ಉಳಿಯುವುದು 145. ತಗ್ಗಿಸುವ ಲೆಕ್ಕವನ್ನು ಈ ಎರಡನೆಯ ಅಂಕಿಯಿಂದ ಶುರು ಮಾಡಬೇಕು.

ಈಗ ಹಂಪ್ ನೋಡೋಣ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಮಾಣದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ವರ್ಟಸ್‌ನ ಎರಡು ಗಾಲಿಗಳ ನಡುವಿನ ಅಂತರ 2,651 ಮಿಲಿಮೀಟರ್. ಅಂದರೆ ಇಂಥ ಉಬ್ಬಿನ ನೆತ್ತಿ ಹೊಟ್ಟೆಯ ಕೆಳಗೆ ಬಂದಾಗ ಮುಂದಿನ, ಹಿಂದಿನ ಗಾಲಿಗಳೆರಡೂ ಅದೇ ಉಬ್ಬಿನ ಮೇಲೆಯೇ ಇರುತ್ತವೆ. ಲೆಕ್ಕ ಹಾಕಿದರೆ ಹೊಟ್ಟೆ ಕಳೆದುಕೊಳ್ಳುವ ಜಾಗ 10 ಸೆಂಟಿಮೀಟರ್ ಅಲ್ಲ, ಐದು ಚಿಲ್ಲರೆ ಮಾತ್ರ. ತಗ್ಗಿದ ಕಾರಿಗೂ ಅದು ದೊಡ್ಡ ತೊಡಕಲ್ಲ.

ತೊಡಕಿರುವುದು ಊರವರೇ ಹಾಕಿಕೊಂಡ ಉಬ್ಬಿನಲ್ಲಿ. ಕಮಲಾಪುರದ ಕಡೆಯಿಂದ ಹುಮನಾಬಾದಿಗೆ ಹೋಗಿ, ಅಥವಾ ಸೇಡಂ ರಸ್ತೆಯಿಂದ ಒಳಗಿನ ಹಳ್ಳಿಗಳಿಗೆ ತಿರುಗಿ. ಒಂದು ಮಾರು ಅಗಲವೂ ಇಲ್ಲದ, ಬಣ್ಣವಿಲ್ಲದ, ಟಿಪ್ಪರಿನಲ್ಲಿ ಮಿಕ್ಕಿದ ಡಾಂಬರನ್ನೆಲ್ಲ ಸುರಿದಂಥ ದಿಬ್ಬಗಳು ಸಿಗುತ್ತವೆ. ಮುಂದಿನ ಗಾಲಿ ದಾಟಿದ್ದು, ಹಿಂದಿನದು ಇನ್ನೂ ಏರದೆ ಇರುವಾಗ ದಿಬ್ಬದ ಪೂರ್ತಿ ಎತ್ತರ ಹೊಟ್ಟೆಯ ಕೆಳಗಿರುತ್ತದೆ. 10 ಸೆಂಟಿಮೀಟರಿನದೇ ಆದರೂ 145ರಲ್ಲಿ ಉಳಿಯುವುದು 45 ಮಿಲಿಮೀಟರ್. ಅದರಲ್ಲಿ 30 ತಗ್ಗಿಸಿದ್ದರೆ 15. ಮುಂದಿನ ಗಾಲಿ ಧಡಕ್ಕನೆ ಇಳಿದಾಗ ಕಾರಿನ ಮೂತಿ ಕುಸಿಯುವ ದೂರ ಅದಕ್ಕಿಂತ ಹೆಚ್ಚು. ಹೊಸ ಸ್ಪ್ರಿಂಗ್ ಗಟ್ಟಿಯಾದಷ್ಟೂ ಭಾರಕ್ಕೆ ಕುಸಿಯುವುದು ಕಡಿಮೆಯಾಗುತ್ತದೆ ಎಂಬುದು ನಿಜ, ಆದರೆ ಅದು ಅಲ್ಪ ಸ್ವಲ್ಪ ತಿರುಗಿ ಕೊಡುತ್ತದೆ, ಪೂರ್ತಿ ಅಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಹೀಗೆ: ನಗರದ ವರ್ತುಲ ರಸ್ತೆ, ಹೆದ್ದಾರಿ, ಹೈದರಾಬಾದ್ ಇಷ್ಟೇ ನಿಮ್ಮ ಲೋಕವಾದರೆ 30ರವರೆಗೆ ಯೋಚಿಸಿ. ವಾರಕ್ಕೊಮ್ಮೆ ಹೊಲದ ಕಡೆಗೂ ಅದೇ ಕಾರು ಹೋಗಬೇಕಾದರೆ 20ಕ್ಕೆ ನಿಲ್ಲಿ, ಇಲ್ಲವೇ ತಗ್ಗಿಸಲೇಬೇಡಿ.

ವಿದೇಶಿ ಪಟ್ಟಿಯಿಂದ ತರಿಸುವವರಿಗೆ ಇನ್ನೊಂದು ಎಚ್ಚರಿಕೆ. ಯುರೋಪಿನಲ್ಲಿ ಮಾರುವ ಕಾರಿನ ಎತ್ತರದಿಂದ 30 ಮಿಲಿಮೀಟರ್ ಇಳಿಯುತ್ತದೆ ಎಂದು ಪಟ್ಟಿ ಹೇಳುತ್ತದೆ. ಅದೇ ಕಾರನ್ನು ಕಂಪನಿ ಭಾರತಕ್ಕೆಂದು ಎತ್ತರಿಸಿ ಮಾರಿದ್ದರೆ, ಅದೇ ಸ್ಪ್ರಿಂಗ್ ಇಲ್ಲಿ ಅದಕ್ಕಿಂತ ಹೆಚ್ಚು ತಗ್ಗಿಸುತ್ತದೆ. ಕೊಳ್ಳುವಾಗ ಎಷ್ಟು ಇಳಿಯುತ್ತದೆ ಎಂದು ಕೇಳಿದರೆ ಸಾಲದು. ಹಾಕಿದ ಮೇಲೆ ಗಾಲಿಯ ನಡುವಿನಿಂದ ಕಮಾನಿನ ಅಂಚಿಗೆ ಎಷ್ಟು ಮಿಲಿಮೀಟರ್ ಇರುತ್ತದೆ ಎಂದು ಕೇಳಿ. ನಿಮ್ಮ ಕಾರಿನಲ್ಲಿ ಈಗ ಎಷ್ಟಿದೆ ಎಂದು ಮನೆಯ ಮುಂದಿನ ಸಮತಟ್ಟಾದ ಶಹಾಬಾದ್ ಕಲ್ಲಿನ ನೆಲದ ಮೇಲೆ ನಿಲ್ಲಿಸಿ ಅಳೆದುಕೊಳ್ಳಿ.

ಬರಿ ಸ್ಪ್ರಿಂಗ್

ಎಲ್ಲಕ್ಕಿಂತ ಅಗ್ಗದ ಸರಿಯಾದ ದಾರಿ ಇದು. ಐಬಾಕ್, ಎಚ್ ಅಂಡ್ ಆರ್ ಮೊದಲಾದ ಜರ್ಮನ್ ಕಂಪನಿಗಳ ಸ್ಪ್ರಿಂಗ್‌ಗಳು ಹೆಸರುವಾಸಿ. ಮೊದಲಿನ ಶಾಕ್ ಅಬ್ಸಾರ್ಬರನ್ನೇ ಇಟ್ಟುಕೊಂಡು ಸ್ಪ್ರಿಂಗ್ ಮಾತ್ರ ಬದಲಿಸುತ್ತಾರೆ, ಒಂದು ದಿನದ ಕೆಲಸ. ಹೊಸ ಕಾರಿನಲ್ಲಿ ಮೊದಮೊದಲು ಚೆನ್ನಾಗಿಯೇ ಇರುತ್ತದೆ.

ಅದರ ದೌರ್ಬಲ್ಯ ತಿಳಿಯಬೇಕಾದರೆ ಎರೆಭೂಮಿಯ ಸ್ವಭಾವ ತಿಳಿದಿರಬೇಕು. ಕಪ್ಪು ಎರೆಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲೆ ಹಾಸಿದ ಡಾಂಬರು ಗುಂಡಿ ಬೀಳದಿದ್ದರೂ ಕೆಲವೇ ವರ್ಷಗಳಲ್ಲಿ ಅಲೆ ಅಲೆಯಾಗುತ್ತದೆ. ಸಿಮೆಂಟ್ ಲಾರಿಗಳು ಓಡುವ ಸೇಡಂ, ವಾಡಿ ಕಡೆಯ ರಸ್ತೆಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಒಂದು ಅಲೆ 15 ಮೀಟರ್ ಉದ್ದವಿದ್ದು ನೀವು 80 ಕಿಲೋಮೀಟರ್ ವೇಗದಲ್ಲಿದ್ದರೆ ಕಾರಿಗೆ ಸೆಕೆಂಡಿಗೆ ಸುಮಾರು ಒಂದೂವರೆ ಬಾರಿ ನೂಕು ಬೀಳುತ್ತದೆ. ಸಾಮಾನ್ಯ ಕಾರಿನ ಮೈ ತನ್ನ ಸ್ಪ್ರಿಂಗ್ ಮೇಲೆ ತಾನಾಗಿ ತೂಗುವ ವೇಗವೂ ಹೆಚ್ಚು ಕಡಿಮೆ ಅಷ್ಟೇ. ತೂಗುವ ಜೋಕಾಲಿಗೆ ಹದ ನೋಡಿ ಕೈ ಕೊಟ್ಟಂತೆ ಪ್ರತಿ ಅಲೆಯೂ ಹೊಯ್ದಾಟವನ್ನು ಬೆಳೆಸುತ್ತದೆ. ಅದನ್ನು ತಡೆಯುವುದು ಸ್ಪ್ರಿಂಗ್ ಅಲ್ಲ, ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಗಟ್ಟಿಯಾದರೆ ತೂಗಾಟದ ವೇಗ ಏರುತ್ತದೆ, ಆಗ 80ರ ಬದಲು 100ರಲ್ಲಿ ಅದೇ ಪಾಡು. ಗಟ್ಟಿ ಸ್ಪ್ರಿಂಗನ್ನು ಹಿಡಿದು ನಿಲ್ಲಿಸಲು ಶಾಕ್ ಅಬ್ಸಾರ್ಬರಿಗೂ ಹೆಚ್ಚಿನ ಬಲ ಬೇಕು: ಸ್ಪ್ರಿಂಗ್ ಶೇಕಡಾ 60 ಗಟ್ಟಿಯಾದರೆ ಹಿಡಿತ ಶೇಕಡಾ 25ರಷ್ಟಾದರೂ ಹೆಚ್ಚಬೇಕು. ಕಂಪನಿಯ ಶಾಕ್ ಅಬ್ಸಾರ್ಬರಿನಲ್ಲಿ ಆ ಹೆಚ್ಚುವರಿ ಇಲ್ಲ. ಮೇಲಾಗಿ ಅದು ಈಗ ತನ್ನ ದಾರಿಯ ಕೆಳಭಾಗದಲ್ಲಿಯೇ ಓಡಾಡುತ್ತ, ಮತ್ತೆ ಮತ್ತೆ ಬಂಪ್ ಸ್ಟಾಪ್‌ಗೆ ಬಡಿಯುತ್ತ ಬೇಗ ಸವೆಯುತ್ತದೆ.

ಒಟ್ಟಿನಲ್ಲಿ 20 ಮಿಲಿಮೀಟರ್ ಒಳಗಿನ ಇಳಿಕೆಗೆ, ಹೆಚ್ಚಾಗಿ ಒಬ್ಬರೋ ಇಬ್ಬರೋ ಕೂರುವ ಕಾರಿಗೆ ಬರಿ ಸ್ಪ್ರಿಂಗ್ ಸಾಕು. ಅದಕ್ಕಿಂತ ಕೆಳಗೆ ಹೋಗುವವರು ಈ ದಾರಿಯಲ್ಲಿ ಉಳಿಸಿದ ಹಣವನ್ನು ಮುಂದೆ ಶಾಕ್ ಅಬ್ಸಾರ್ಬರಿಗೆ ಕೊಡುತ್ತಾರೆ, ಮಜೂರಿಯನ್ನು ಎರಡು ಸಲ ಕೊಟ್ಟು.

ಸ್ಪ್ರಿಂಗ್ ಕತ್ತರಿಸುವ ಬಗ್ಗೆ ಎರಡೇ ಮಾತು. "ಸಾಹೇಬರೇ, ಒಂದು ಸುತ್ತು ತೆಗೆದರೆ ಮುಗಿಯಿತು, ಯಾಕೆ ಅಷ್ಟು ಖರ್ಚು?" ಎನ್ನುವ ಮಿಸ್ತ್ರಿ ಪ್ರತಿ ಊರಿನಲ್ಲೂ ಇದ್ದಾನೆ. ಗ್ಯಾಸ್ ಕಟ್ಟರಿನ ಬಿಸಿಗೆ ಉಕ್ಕಿನ ಹದ ಕೆಡುತ್ತದೆ, ಗಿಡ್ಡವಾದ ಸ್ಪ್ರಿಂಗ್ ಗಾಲಿ ಜೋತುಬಿದ್ದಾಗ ತನ್ನ ಪೀಠದಿಂದ ಜಾರಬಹುದು. ನಮಸ್ಕಾರ ಹೇಳಿ ಹೊರಟುಬಿಡಿ.

ಜೋಡಿ ಕಿಟ್

ಸ್ಪ್ರಿಂಗಿಗೂ ಶಾಕ್ ಅಬ್ಸಾರ್ಬರಿಗೂ ಮೊದಲೇ ಹೊಂದಾಣಿಕೆ ಮಾಡಿ ಒಟ್ಟಿಗೆ ಮಾರುವ ಸೆಟ್‌ಗಳಿವೆ. ಬಿಲ್‌ಸ್ಟೈನ್‌ನ ಬಿ12 ಎಂಬುದು ಅದೇ ಕಂಪನಿಯ ಬಿ8 ಶಾಕ್ ಅಬ್ಸಾರ್ಬರ್ ಮತ್ತು ಐಬಾಕ್ ಸ್ಪ್ರಿಂಗ್‌ಗಳ ಜೋಡಿ. ಬಿ8ರ ವಿಶೇಷವೆಂದರೆ ಅದು ಗಿಡ್ಡ ಸ್ಪ್ರಿಂಗಿಗೆಂದೇ ಗಿಡ್ಡ ಮಾಡಿದ ಶಾಕ್ ಅಬ್ಸಾರ್ಬರ್. ಕಂಪನಿಯ ಎತ್ತರದ ಸ್ಪ್ರಿಂಗಿಗೆ ಬಿ6 ಇದೆ. ಈ ವ್ಯತ್ಯಾಸ ತಿಳಿಯದೆ ಸಿಕ್ಕಿದ್ದನ್ನು ಜೋಡಿಸಿ ಕೊಡುವವರೂ ಇದ್ದಾರೆ, ಆದ್ದರಿಂದ ಡಬ್ಬಿಯ ಮೇಲಿನ ಅಕ್ಷರವನ್ನು ನೀವೇ ಓದಿಕೊಳ್ಳಿ.

ಈ ಸೀಮೆಯಲ್ಲಿ ದಿನಬಳಕೆಯ ವೇಗದ ಕಾರಿಗೆ ನನ್ನ ಮೊದಲ ಆಯ್ಕೆ ಇದೇ. ತಿರುಗಿಸಲು ಏನೂ ಇಲ್ಲ, ಕೆಡಿಸಿಕೊಳ್ಳಲೂ ಏನೂ ಇಲ್ಲ. ಅಲೆಯಾದ ರಸ್ತೆಯ ಮೇಲೆ ಕಾರು ಒಂದೇ ಸಲ ಏರಿ ಇಳಿದು ಸುಮ್ಮನಾಗುತ್ತದೆ. ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ದಾಟುವ ಊರು ನಮ್ಮದು. ಶಾಕ್ ಅಬ್ಸಾರ್ಬರಿನ ಎಣ್ಣೆ ಬಿಸಿಯಾದಷ್ಟೂ ತೆಳುವಾಗಿ ಹಿಡಿತ ಸಡಿಲವಾಗುತ್ತದೆ. ಒತ್ತಡದ ಅನಿಲ ತುಂಬಿದ ಒಂಟಿ ಕೊಳವೆಯ ಮಾದರಿ ಶಾಖವನ್ನು ಬೇಗ ಹೊರಹಾಕುವುದರಿಂದ ಹೈದರಾಬಾದಿನವರೆಗಿನ ಬಿಸಿಲಿನ ಓಟದಲ್ಲಿ ಕೊನೆಯ ಗಂಟೆಯೂ ಮೊದಲ ಗಂಟೆಯಂತೆಯೇ ಇರುತ್ತದೆ. ಕೊರತೆ ಎರಡು. ಎಲ್ಲ ಕಾರಿಗೂ ಸಿಗುವುದಿಲ್ಲ. ಭಾರತದಲ್ಲಷ್ಟೇ ಮಾರುವ ಮಾದರಿಯಾದರೆ ಹುಡುಕಾಟ ಜಾಸ್ತಿ. ಮತ್ತು ಎತ್ತರ ಮೆಚ್ಚಿಗೆಯಾಗದಿದ್ದರೆ ಬದಲಿಸುವ ದಾರಿಯಿಲ್ಲ.

ಕಾಯಿಲೋವರ್

ಕಾಯಿಲೋವರ್ ಎಂದರೆ ಶಾಕ್ ಅಬ್ಸಾರ್ಬರಿನ ಮೈಮೇಲೆ ತಿರುಪಿನ ಮರೆ (ಥ್ರೆಡ್) ಕೊರೆದು, ಸ್ಪ್ರಿಂಗನ್ನು ಅದರ ಮೇಲಿನ ಬಳೆಯ ಮೇಲೆ ಕೂರಿಸಿ, ಬಳೆ ತಿರುಗಿಸಿ ಎತ್ತರ ಬದಲಿಸುವ ಸಾಧನ. ಕೊಳ್ಳುವವರಲ್ಲಿ ಹೆಚ್ಚಿನವರು ಅತಿ ಕೆಳಗಿನ ಮಟ್ಟದ ಆಸೆಗೆ ಕೊಳ್ಳುತ್ತಾರೆ. ನಮ್ಮಲ್ಲಿ ಅದರ ನಿಜವಾದ ಉಪಯೋಗ ತದ್ವಿರುದ್ಧ: ಬೇಕಾದಷ್ಟೇ, ಉದಾಹರಣೆಗೆ ಮುಂದೆ 20, ಹಿಂದೆ 15 ಎಂದು ಇಳಿಸಿ ಅಲ್ಲಿಗೆ ನಿಲ್ಲಿಸಬಹುದು. ಇಷ್ಟವಾಗದಿದ್ದರೆ ಭಾನುವಾರ ಮತ್ತೆ ಏರಿಸಬಹುದು. ಆದರೆ ಕಂಪನಿ ಸೂಚಿಸಿದ ಮಿತಿಯೊಳಗಿನ ಅತಿ ಎತ್ತರದ ಮಟ್ಟವೇ 35 ಮಿಲಿಮೀಟರ್ ತಗ್ಗಿನಲ್ಲಿದ್ದರೆ ಅಂಥದ್ದು ನಮಗೆ ಬೇಡ. ಈ ಒಂದು ಪ್ರಶ್ನೆಗೇ ಅರ್ಧ ಪಟ್ಟಿ ಉದುರಿಹೋಗುತ್ತದೆ.

ಎತ್ತರ ಬದಲಿಸುವ ಬಗೆಯಲ್ಲೂ ಎರಡು ಪಂಗಡಗಳಿವೆ. ಒಂದರಲ್ಲಿ ಸ್ಪ್ರಿಂಗಿನ ಕೆಳಗಿನ ಬಳೆ ಮಾತ್ರ ಇಳಿಯುತ್ತದೆ, ಶಾಕ್ ಅಬ್ಸಾರ್ಬರಿನ ಉಳಿದ ದಾರಿ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಇನ್ನೊಂದರಲ್ಲಿ ಶಾಕ್ ಅಬ್ಸಾರ್ಬರಿನ ಕೆಳತುದಿಯ ಹಿಡಿಕೆಯೇ ಮರೆಯ ಮೇಲೆ ಏರಿ ಇಳಿಯುತ್ತದೆ. ಎತ್ತರ ಎಷ್ಟೇ ಇಟ್ಟರೂ ದಂಡದ ದಾರಿ ಹಾಗೇ ಉಳಿಯುತ್ತದೆ. ಜಪಾನಿನ ಟೈನ್, ತೈವಾನಿನ ಬಿಸಿ ರೇಸಿಂಗ್‌ಗಳಲ್ಲಿ ಈ ಎರಡನೆಯ ಬಗೆ ಸಿಗುತ್ತದೆ. ಕೇಳಲು ಇದೇ ಮೇಲು ಅನ್ನಿಸುತ್ತದೆ. ಆದರೆ ದಂಡಕ್ಕೆ ದಾರಿ ಉಳಿದರೂ ಟೈರಿಗೆ ಕಮಾನಿನೊಳಗೆ ಜಾಗ ಉಳಿಯಬೇಕಲ್ಲ? ತೀರ ತಗ್ಗಿಸಿದರೆ ಬಂಪ್ ಸ್ಟಾಪ್ ತಡೆಯುವ ಮೊದಲೇ ಟೈರು ಒಳಗಿನ ಹೊದಿಕೆಗೆ ಉಜ್ಜುತ್ತದೆ.

ಬೆಲೆಯಲ್ಲಿ ಅಗಾಧ ಅಂತರವಿದೆ, ಅದಕ್ಕೆ ಕಾರಣವೂ ಇದೆ. ಕೆಡಬ್ಲ್ಯು ಕಂಪನಿಯ ವೇರಿಯಂಟ್ 1ರಲ್ಲಿ ಎತ್ತರ ಮಾತ್ರ ಬದಲಿಸಬಹುದು, 2ರಲ್ಲಿ ದಂಡ ಹೊರಬರುವ ಬಿಗಿಯನ್ನೂ, 3ರಲ್ಲಿ ಒಳಹೋಗುವ ಬಿಗಿಯನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಅಗ್ಗದ ಸೆಟ್‌ಗಳಲ್ಲಿ ತಿರುಗಿಸುವ ಒಂದೇ ಗುಂಡಿ ಎರಡನ್ನೂ ಒಟ್ಟಿಗೆ ಬಿಗಿ ಮಾಡುತ್ತದೆ. ಮೂವತ್ತು ಹಂತ ಎಂದು ಬರೆದಿದ್ದರೂ ಬೀದಿಯಲ್ಲಿ ಉಪಯೋಗಕ್ಕೆ ಬರುವುದು ನಾಲ್ಕೈದು. ಬೀದಿ ಬಳಕೆಗೆ ನಾನಾದರೆ ಹೆಚ್ಚು ಗುಂಡಿಗಳಿರುವ ಅಗ್ಗದ್ದಕ್ಕಿಂತ ಗುಂಡಿಯೇ ಇಲ್ಲದ ಒಳ್ಳೆಯದನ್ನು ಆರಿಸುತ್ತೇನೆ.

ಹಂತಗಳಿಗಿಂತ ಮುಖ್ಯ ಸ್ಪ್ರಿಂಗಿನ ಗಟ್ಟಿತನ. ಒಂದು ಗಾಲಿಯ ಮೇಲೆ 300 ಕಿಲೋ ಮೈಭಾರ ಇದೆ ಎಂದುಕೊಂಡು ಲೆಕ್ಕ ಹಾಕಿ. ಸ್ಪ್ರಿಂಗಿನ ಗಟ್ಟಿತನ ಮಿಲಿಮೀಟರಿಗೆ ಎರಡೂವರೆ ಕಿಲೋ ಇದ್ದರೆ, ಅಂದರೆ ಒಂದು ಮಿಲಿಮೀಟರ್ ಕುಗ್ಗಿಸಲು ಅಷ್ಟು ಭಾರ ಬೇಕಾದರೆ, ಮೈ ಸೆಕೆಂಡಿಗೆ 1.4 ಬಾರಿ ತೂಗುತ್ತದೆ, ನಾಲ್ಕು ಕಿಲೋ ಇದ್ದರೆ 1.8, ಎಂಟು ಕಿಲೋ ಇದ್ದರೆ 2.6. ಎರಡರ ಆಸುಪಾಸಿನವರೆಗೆ ಬೀದಿ ಕಾರು ಎನ್ನಬಹುದು. ಅದರಾಚೆ ಹಿಂದಿನ ಸೀಟಿನಲ್ಲಿ ಕೂತ ಅತ್ತೆಯವರು ಶರಣಬಸವೇಶ್ವರರ ಗುಡಿ ಬರುವ ಮೊದಲೇ ಇಳಿದು ಆಟೋ ಹಿಡಿಯುತ್ತಾರೆ. ಎಂಟು ಕಿಲೋದ ಸೆಟ್‌ಗಳನ್ನು ಟ್ರ್ಯಾಕಿಗೆಂದು ಮಾಡಿರುತ್ತಾರೆ. ಅಲ್ಲಿ ರಸ್ತೆ ನುಣುಪು.

ಇಲ್ಲಿನ ಹವೆಗೆ ಇನ್ನೊಂದು ಪ್ರಶ್ನೆ: ಮರೆಯ ಲೋಹ ಯಾವುದು? ಎರೆಮಣ್ಣಿನ ಕೆಸರು ಅಂಟಿದರೆ ಒಣಗಿ ಕಲ್ಲಾಗುತ್ತದೆ. ಸುಣ್ಣದಕಲ್ಲಿನ ಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಸುತ್ತ ಬಿಳಿ ಧೂಳು ಸಂದುಗೊಂದಿಗೆಲ್ಲ ಸೇರುತ್ತದೆ. ಎರಡು ಮಳೆಗಾಲ ಮುಟ್ಟದೆ ಬಿಟ್ಟ ಬಳೆ ಮೂರನೆಯ ವರ್ಷ ತಿರುಗುವುದೇ ಇಲ್ಲ. ತುಕ್ಕು ಹಿಡಿಯದ ಉಕ್ಕಿನದಾದರೆ ಚಿಂತೆ ಕಡಿಮೆ. ಅಲ್ಲದಿದ್ದರೆ ವರ್ಷಕ್ಕೊಮ್ಮೆ ತೊಳೆದು, ಬ್ರಷ್ ಹಾಕಿ, ಬಳೆಯನ್ನು ಒಂದೆರಡು ಸುತ್ತು ತಿರುಗಿಸಿ ಮತ್ತೆ ಮೊದಲಿನ ಗುರುತಿಗೇ ತರಬೇಕು. ಅಷ್ಟು ವ್ಯವಧಾನ ಇಲ್ಲದವರಿಗೆ ಜೋಡಿ ಕಿಟ್ಟೇ ಲೇಸು.

ಏರ್ ಸಸ್ಪೆನ್ಷನ್

ಕಾಗದದ ಮೇಲೆ ನಮ್ಮ ರಸ್ತೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಸ್ಪ್ರಿಂಗಿನ ಜಾಗದಲ್ಲಿ ಗಾಳಿ ಚೀಲ, ಡಿಕ್ಕಿಯಲ್ಲಿ ಕಂಪ್ರೆಸರ್ ಮತ್ತು ಟ್ಯಾಂಕ್. ದಿಬ್ಬ ಬಂದರೆ ಗುಂಡಿ ಒತ್ತಿ ಏರಿಸು, ದಾಟಿದ ಮೇಲೆ ಇಳಿಸು. ಹಳ್ಳಿಯೊಂದಕ್ಕೆ ನಾಲ್ಕು ದಿಬ್ಬದಂತೆ ಹುಮನಾಬಾದ್ ತಲುಪುವವರೆಗೆ ಎಷ್ಟು ಸಲ ಒತ್ತುತ್ತೀರಿ ಎಂಬುದು ಬೇರೆ ಮಾತು. ಪ್ರತಿ ಸಲವೂ ಟ್ಯಾಂಕಿನ ಗಾಳಿ ಖರ್ಚು, ಕಂಪ್ರೆಸರ್ ಓಟ. ಬಿಸಿಲಿನಲ್ಲಿ ಕಾದ ಡಿಕ್ಕಿಯೊಳಗೆ ಅದು ತನ್ನನ್ನು ಕಾಪಾಡಿಕೊಳ್ಳಲು ನಿಂತುಬಿಡಬಹುದು. ಸೋರಿಕೆ ಬಂದರೆ ಸ್ಥಳೀಯ ಗ್ಯಾರೇಜಿನಲ್ಲಿ ಬಿಡಿಭಾಗ ಸಿಗುವ ನೆಚ್ಚಿಕೆಯಿಲ್ಲ, ಕಾರನ್ನು ಟ್ರಕ್ಕಿನ ಮೇಲೆ ಹೈದರಾಬಾದಿಗೋ ಬೆಂಗಳೂರಿಗೋ ಕಳಿಸಬೇಕು. ಮನೆಯಲ್ಲಿ ಇನ್ನೊಂದು ಕಾರು ಇರುವವರ ಆಟ ಇದು.

ತಗ್ಗಿಸದೆ ಬಿಗಿ ಮಾಡುವುದು

ಅಂದಕ್ಕಿಂತ ತಿರುವಿನ ಹಿಡಿತವೇ ಮುಖ್ಯ ಎನ್ನುವವರು ಇದನ್ನೊಮ್ಮೆ ಓದಿ. ಮುಂದಿನ ಗಾಲಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಕೂಡಿರುವ ಜೋಡಣೆ) ಇರುವ ಕಾರನ್ನು ತಗ್ಗಿಸಿದಾಗ ಕೆಳಗಿನ ಅಡ್ಡತೋಳು ಗಾಲಿಯ ಕಡೆ ಮೇಲ್ಮುಖವಾಗಿ ವಾಲುತ್ತದೆ. ಕಾರು ಯಾವ ಬಿಂದುವಿನ ಸುತ್ತ ಪಕ್ಕಕ್ಕೆ ವಾಲುತ್ತದೆಯೋ ಆ ಬಿಂದು, ಗುರುತ್ವ ಕೇಂದ್ರ ಇಳಿದುದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹಿಗ್ಗುವುದರಿಂದ ವಾಲಿಸುವ ಬಲವೂ ಹಿಗ್ಗುತ್ತದೆ. ತಗ್ಗಿಸಿದ ಕಾರು ವಾಲುವುದು ಕಡಿಮೆಯಾಯಿತು ಎಂದರೆ ಆ ಶ್ರೇಯಸ್ಸು ಗಟ್ಟಿ ಸ್ಪ್ರಿಂಗಿನದು, ಎತ್ತರದ್ದಲ್ಲ. ಹಾಗಿದ್ದ ಮೇಲೆ ಎತ್ತರ ಹಾಗೇ ಬಿಟ್ಟು ಬಿ6 ಮಾದರಿಯ ಶಾಕ್ ಅಬ್ಸಾರ್ಬರ್, ದಪ್ಪನೆಯ ಆಂಟಿ ರೋಲ್ ಬಾರ್ (ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು), ಒಳ್ಳೆಯ ಟೈರು ಹಾಕಿಸಿದರೆ ಹಳ್ಳಿಯ ದಿಬ್ಬವೂ ದಾಟುತ್ತದೆ, ಬೀದರಿನ ದಾರಿಯ ತಿರುವೂ ಸೊಗಸಾಗುತ್ತದೆ. ನೋಡುವವರಿಗೆ ಏನೂ ಕಾಣುವುದಿಲ್ಲ, ಅದೊಂದೇ ಬೇಸರ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾಗುವಂಥ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯ 182ಎ ಸೆಕ್ಷನ್ ಅಡಿ ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ನಿಮ್ಮ ಗಾಡಿಯ ಸಂಖ್ಯೆ ಕೆಎ 32 ಇರಲಿ, 33 ಇರಲಿ, 38 ಇರಲಿ, ಆಯಾ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ. ವಿಮಾ ಕಂಪನಿಗೆ ಬರೆದು ತಿಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಹೇಳದೆ ಮಾಡಿದ ಬದಲಾವಣೆ ಅಪಘಾತದ ಪರಿಹಾರಕ್ಕೆ ತಕರಾರು ತರಬಹುದು. ಹೊಸ ಕಾರಿನ ವಾರಂಟಿಯಲ್ಲಿ ಸಸ್ಪೆನ್ಷನ್ ಭಾಗದ ಆಸೆ ಬಿಡಬೇಕಾಗುತ್ತದೆ.

ಹಾಕಿಸುವ ದಿನ

ಒಳ್ಳೆಯ ಸೆಟ್ ತಂದು ಕೆಟ್ಟದಾಗಿ ಹಾಕಿಸಿದರೆ ಎಲ್ಲವೂ ವ್ಯರ್ಥ, ಅದರಲ್ಲೂ ಒಂದು ಕೆಲಸದಲ್ಲಿ ಹೆಚ್ಚಿನ ಗ್ಯಾರೇಜುಗಳು ಎಡವುತ್ತವೆ. ಅಡ್ಡತೋಳುಗಳ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಗಾಲಿ ಗಾಳಿಯಲ್ಲಿ ಜೋತಿರುವಾಗಲೇ ಬಿಗಿದುಬಿಡುತ್ತಾರೆ. ಕಾರು ಕೆಳಗಿಳಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕಾರಿನ ಭಾರ ಗಾಲಿಯ ಮೇಲೆ ಬಿದ್ದ ನಂತರ ಕೊನೆಯ ಬಿಗಿತ ಆಗಬೇಕು ಎಂದು ಮೊದಲೇ ಹೇಳಿ, ನಿಂತು ನೋಡಿ. ಸ್ಟ್ರಟ್‌ನ ಮೇಲಿನ ರಬ್ಬರ್ ಮೌಂಟ್, ಬೇರಿಂಗ್ ಹಳೆಯದಾಗಿದ್ದರೆ ಅದೇ ಮಜೂರಿಯಲ್ಲಿ ಬದಲಿಸಿ.

ತಗ್ಗಿದ ಮೇಲೆ ಗಾಲಿಗಳ ಕೋನಗಳೆಲ್ಲ ಬದಲಾಗುತ್ತವೆ. ಟೈರಿನ ಒಳ ಅಂಚನ್ನು ತಿನ್ನುವುದು ಬಹುಪಾಲು ಟೋ ಕೋನದ (ಮೇಲಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪು, ಕ್ಯಾಂಬರಿನದು (ಮುಂದಿನಿಂದ ನೋಡಿದಾಗ ಗಾಲಿ ವಾಲಿರುವ ಕೋನ) ಆಮೇಲೆ. ಹಾಕಿದ ದಿನ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ ಕೆಲವು ನೂರು ಕಿಲೋಮೀಟರಿಗೆ ಮತ್ತೊಮ್ಮೆ ಅಲೈನ್‌ಮೆಂಟ್ ಮಾಡಿಸಿ. ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತಿದೆ ನೋಡಿಸಿ. ಗಾಜಿನ ಹಿಂದೆ ಕ್ಯಾಮೆರಾ ಇಟ್ಟು ತಾನಾಗಿ ಬ್ರೇಕ್ ಹಾಕುವ ಸೌಲಭ್ಯವಿರುವ ಕಾರಾದರೆ ಎತ್ತರ ಬದಲಾದ ನಂತರ ಕ್ಯಾಮೆರಾವನ್ನು ಮತ್ತೆ ಹೊಂದಿಸುವ ಕೆಲಸ ಸರ್ವಿಸ್ ಕೇಂದ್ರದ್ದು. ವಿದ್ಯುತ್ ನಿಯಂತ್ರಣದ ಶಾಕ್ ಅಬ್ಸಾರ್ಬರ್ ಇರುವ ಕಾರಿಗೆ ಸಾಮಾನ್ಯ ಕಾಯಿಲೋವರ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಲೇ ಇರುತ್ತದೆ. ಅಂಥವರು ಆ ವ್ಯವಸ್ಥೆಗೆ ಹೊಂದುವ ಸೆಟ್ಟನ್ನೇ ಕೇಳಬೇಕು.

ಬಿಚ್ಚಿದ ಹಳೆಯ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬಂಪ್ ಸ್ಟಾಪ್, ನಟ್ಟುಗಳನ್ನು ಗ್ಯಾರೇಜಿನಲ್ಲಿ ಬಿಡಬೇಡಿ. ಎಡ, ಬಲ ಎಂದು ಬರೆದು, ಗೋಣಿಚೀಲದಲ್ಲಿ ಕಟ್ಟಿ ಮನೆಗೆ ತನ್ನಿ. ಕಾರು ಮಾರುವಾಗ ಕೊಳ್ಳುವವರು ಮೊದಲು ಕೇಳುವುದೇ ಅದನ್ನು.